ಲೈಬ್ರರಿಯ 2400 ದೊಡ್ಡದೋ, ಅಂಗಡಿಯ 7500 ದೊಡ್ಡದೋ?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಹಳ್ಳಿಯವನು. ಧಾರವಾಡದಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಸಪ್ತಾಪುರದಲ್ಲಿ ಇನ್ನಿಬ್ಬರ ಜೊತೆ ರೂಮ್ ಮಾಡಿಕೊಂಡಿದ್ದೇನೆ. ಅಪ್ಪನಿಗೆ ನಾಲ್ಕು ಎಕರೆ ಒಣಭೂಮಿ, ಈ ಸಲ ಉಳ್ಳಾಗಡ್ಡಿ ಕೈಕೊಟ್ಟಿತು. ಹಾಗಾಗಿ ತಿಂಗಳಿಗೆ ನನಗೆ ಸುಮಾರು 4 ಸಾವಿರ ಕಮ್ಮಿ ಬೀಳುತ್ತಿದೆ. ಎರಡು ಕೆಲಸ ಸಿಗುವ ಹಾಗಿವೆ. ಒಂದು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ: ಮಧ್ಯಾಹ್ನ ಮೂರೂವರೆಯಿಂದ ಐದೂವರೆ, ತಾಸಿಗೆ 60 ರೂಪಾಯಿ, ತಿಂಗಳಿಗೆ 20 ದಿನ. ಇನ್ನೊಂದು ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ: ಸಂಜೆ 5ರಿಂದ ರಾತ್ರಿ 10, ತಿಂಗಳಿಗೆ 26 ದಿನ, 7500 ರೂಪಾಯಿ. ಗೆಳೆಯರೆಲ್ಲ ಅಂಗಡಿಗೇ ಹೋಗು ಅನ್ನುತ್ತಾರೆ. ಅಪ್ಪ ಎರಡಕ್ಕೂ ಒಪ್ಪುತ್ತಿಲ್ಲ, “ಓದಾಕ ಕಳ್ಸೇನಿ, ದುಡ್ಯಾಕ ಊರಾಗ ಹೊಲ ಇರಲಿಲ್ಲೇನು” ಅಂತಾರೆ. ಏನು ಮಾಡಲಿ?

ಉತ್ತರ: ತಮ್ಮಾ, ಲೈಬ್ರರಿಗೆ ಸೇರು. ಅಂಗಡಿ ಈಗ ಬೇಡ. ಉತ್ತರ ಇಷ್ಟೇ, ಆದರೆ ಕಾರಣ ಹೇಳದೆ ಬಿಟ್ಟರೆ ನಿನ್ನ ಗೆಳೆಯರು ನಾಳೆ ಚಹಾದ ಅಂಗಡಿ ಮುಂದೆ ನಿನ್ನ ಮನಸ್ಸು ತಿರುಗಿಸಿಬಿಡುತ್ತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಧಾರವಾಡದಲ್ಲಿ ಕಾಮರ್ಸ್ ಕಲಿಸಿದವನು ನಾನು. ಅದರಲ್ಲಿ ಹತ್ತು ವರ್ಷ ವಿದ್ಯಾರ್ಥಿ ಕಲ್ಯಾಣದ ಕೆಲಸವೂ ನನ್ನ ತಲೆ ಮೇಲಿತ್ತು. ‘ನೀನು’ ಅಂತ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ, ಕ್ಲಾಸಿನ ಚಾಳಿ ಅದು.

ನೀನು ಬಿ.ಕಾಂ ಹುಡುಗ ಅಲ್ವಾ, ಬಾ, ಲೆಕ್ಕ ಹಾಕೋಣ.

ಅಂಗಡಿಯವರು ಐದು ತಾಸು ಅಂತಾರೆ. ಸರಿ, ಆದರೆ ನೀನು ಸಪ್ತಾಪುರದಿಂದ ಹುಬ್ಬಳ್ಳಿಗೆ ಹೋಗಬೇಕು, 20 ಕಿಲೋಮೀಟರ್ ಚಿಲ್ಲರೆ ದಾರಿ. ಹುಬ್ಬಳ್ಳಿ-ಧಾರವಾಡದ ನಡುವೆ ಬೇರೆಯದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸೇ ಹಿಡಿದರೂ ರೂಮಿನಿಂದ ಜುಬ್ಲಿ ಸರ್ಕಲ್‌ವರೆಗೆ ನಡೆಯುವುದು, ಬಸ್ಸಿಗೆ ಕಾಯುವುದು, ಇಳಿದು ಮತ್ತೆ ಅಂಗಡಿವರೆಗೆ ನಡೆಯುವುದು, ಎಲ್ಲ ಸೇರಿ ಒಂದು ಕಡೆಗೆ ಒಂದು ತಾಸು ಅಂತಲೇ ಹಿಡಿ. ಅಂದರೆ ದಿನಕ್ಕೆ ಏಳು ತಾಸು. 26 ದಿನಕ್ಕೆ 182 ತಾಸು. ಬಸ್ ಚಾರ್ಜು, ಸಂಜೆ ಒಂದು ಮಿರ್ಚಿ-ಚುರುಮರಿ, ಚಹಾ ಅಂತ ದಿನಕ್ಕೆ 70 ರೂಪಾಯಿ ಖರ್ಚಾಯಿತು ಅಂತಿಟ್ಟುಕೊಂಡರೆ ತಿಂಗಳಿಗೆ 1820. ಅದನ್ನು 7500ರಲ್ಲಿ ಕಳೆದರೆ ನಿನ್ನ ಕೈಗೆ ಬರುವುದು 5680. ಈಗ 182ರಿಂದ ಭಾಗಿಸು. ತಾಸಿಗೆ 31 ರೂಪಾಯಿ.

ಲೈಬ್ರರಿ ನೋಡು. ಕ್ಲಾಸ್ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ಮೆಟ್ಟಿಲು ಹತ್ತಿದರೆ ಕೆಲಸ. ಬಸ್ ಇಲ್ಲ, ಮಿರ್ಚಿ ಇಲ್ಲ. 40 ತಾಸಿಗೆ 2400. ತಾಸಿಗೆ ಪೂರ್ತಿ 60.

ಇನ್ನೊಂದು ರೀತಿಯಲ್ಲಿ ನೋಡು, ನನಗೆ ಈ ಲೆಕ್ಕವೇ ಜಾಸ್ತಿ ಇಷ್ಟ. ಲೈಬ್ರರಿ ಬಿಟ್ಟು ಅಂಗಡಿಗೆ ಹೋದರೆ ನಿನಗೆ ಹೆಚ್ಚಿಗೆ ಸಿಗುವುದು 3280 ರೂಪಾಯಿ. ಅದಕ್ಕೆ ನೀನು ಹೆಚ್ಚಿಗೆ ಕೊಡುವುದು 142 ತಾಸು. ತಾಸಿಗೆ 23 ರೂಪಾಯಿ. ನಿನ್ನ ಊರಿನಲ್ಲಿ ಹೆಸರುಕಾಯಿ ಬಿಡಿಸೋಕೆ ಯಾರಾದರೂ ಆ ಕೂಲಿಗೆ ಬರುತ್ತಾರಾ, ಅಪ್ಪನನ್ನೇ ಕೇಳು.

“ಸರ್, ಆದರೂ ತಿಂಗಳ ಕೊನೆಗೆ 5680 ದೊಡ್ಡದಲ್ವಾ” ಅಂತ ನೀನು ಕೇಳಬಹುದು. ಹೌದು, ದೊಡ್ಡದೇ. ತಾಸುಗಳು ಸುಮ್ನೆ ಬಿದ್ದಿದ್ದರೆ ನಾನೂ ಹೋಗು ಅಂತಿದ್ದೆ. ನಿನ್ನ ವಾರದಲ್ಲಿ ಇರುವುದು 168 ತಾಸು. ದಿನಕ್ಕೆ ಏಳರಂತೆ ನಿದ್ದೆಗೆ 49 ತೆಗಿ. ಕಾಲೇಜಿಗೆ 30. ಸ್ನಾನ, ಬಟ್ಟೆ ಒಗೆಯುವುದು, ಮೆಸ್ಸಿನ ಊಟ, ಊರಿಗೆ ಫೋನು, ಎಲ್ಲಕ್ಕೂ 21. ಅಂಗಡಿಗೆ 42. ಇನ್ನೂ 26 ಉಳಿಯಿತಲ್ಲ, ಓದೋಕೆ ಸಾಕು ಅನ್ನಿಸುತ್ತದೆ. ಕಾಗದದ ಮೇಲೆ ಸಾಕು. ಆದರೆ ಆ 26 ತಾಸು ಎಲ್ಲೆಲ್ಲಿ ಬಿದ್ದಿರುತ್ತವೆ ಅಂತ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ನಲ್ಲಿ ನೀರಿಗೆ ಕಾಯುವಾಗ ಅರ್ಧ ತಾಸು, ಕಾಲೇಜು ಬಿಟ್ಟು ಬಸ್ಸಿಗೆ ಹೋಗುವ ಮುಂಚೆ ಮುಕ್ಕಾಲು ತಾಸು, ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದು ಕಾಲು ಚಾಚಿದ ಮೇಲೆ ಒಂದು ತಾಸು. ಅಂಥ ಚೂರುಗಳಲ್ಲಿ ವಾಟ್ಸ್‌ಆ್ಯಪ್ ನೋಡಬಹುದು, ಕಾಸ್ಟ್ ಅಕೌಂಟಿಂಗ್‌ನ ಒಂದು ಲೆಕ್ಕ ಬ್ಯಾಲೆನ್ಸ್ ಆಗುವುದಿಲ್ಲ. ಅಂಗಡಿ ಕೆಲಸದಲ್ಲಿ ನಿನಗೆ ಕಳೆದುಹೋಗುವುದು ಸಂಜೆ. ಆರರಿಂದ ಒಂಬತ್ತರವರೆಗಿನ ಕೂತು ಓದುವ ಹೊತ್ತು, ಇಡೀ ದಿನದಲ್ಲಿ ಅದೊಂದೇ ತುಂಡಾಗದ ಹೊತ್ತು. ಲೈಬ್ರರಿ ಕೆಲಸ ಐದೂವರೆಗೆ ಮುಗಿಯುತ್ತದೆ, ಸಂಜೆ ನಿನ್ನದೇ ಆಗಿರುತ್ತದೆ.

ಓದುವವನ ಕೆಲಸಕ್ಕೆ ಒಂದು ಮಿತಿ ಇರಬೇಕು ಅಂತ ನಾನೊಬ್ಬನೇ ಹೇಳುತ್ತಿರುವುದಲ್ಲ. ಅಮೆರಿಕದಲ್ಲಿ ಓದಿನ ಜೊತೆ ಕ್ಯಾಂಪಸ್ ಕೆಲಸ ಮಾಡುವುದಕ್ಕೆ ಸರ್ಕಾರವೇ ದುಡ್ಡು ಕೊಡುವ ಪದ್ಧತಿ 1964ರಿಂದ ಇದೆ. ನಮ್ಮ ಕಡೆಯಿಂದ ಅಲ್ಲಿಗೆ ಓದೋಕೆ ಹೋದ ಹುಡುಗರಿಗೂ ಕ್ಲಾಸ್ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ತಾಸು ಮಾತ್ರ, ಮೀರಿದರೆ ವೀಸಾಕ್ಕೇ ಕುತ್ತು. ನಮ್ಮ ಯುಜಿಸಿ ಕೂಡ ಕಲಿಯುತ್ತ ಗಳಿಸುವ ಯೋಜನೆಯ ಬಗ್ಗೆ ಕಾಲೇಜುಗಳಿಗೆ ಹೇಳುವಾಗ ಇಟ್ಟ ಗೆರೆ ವಾರಕ್ಕೆ 20 ತಾಸೇ. ನಿನ್ನ ಲೈಬ್ರರಿ ವಾರಕ್ಕೆ 10. ಅಂಗಡಿ, ದಾರಿ ಬಿಟ್ಟೇ, 30. ಅರ್ಥ ಆಯ್ತಲ್ಲ.

ನನ್ನದೇ ಕಥೆ ಒಂದು ಹೇಳುತ್ತೇನೆ, ಯಾಕಂದರೆ ನಾನೂ ನಿನ್ನ ಗೆಳೆಯರ ಮಾತು ಕೇಳಿದವನೇ. 1983ರಲ್ಲಿ ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ ಧಾರವಾಡದ ಒಂದು ಮುದ್ರಣಾಲಯದಲ್ಲಿ ರಾತ್ರಿ ಕೆಲಸಕ್ಕೆ ಸೇರಿದೆ. ಆಗ ಸೀಸದ ಮೊಳೆ ಜೋಡಿಸುವ ಕಾಲ. ಖಾನೆ ಖಾನೆ ಇರುವ ಮರದ ಪೆಟ್ಟಿಗೆಯಿಂದ ಒಂದೊಂದೇ ಅಕ್ಷರ ಆರಿಸಿ ಕೈಯಲ್ಲಿನ ಪಟ್ಟಿಯಲ್ಲಿ ಕೂಡಿಸಬೇಕು, ಎಲ್ಲ ತಿರುಗುಮುರುಗು. ನನಗೆ ಹಚ್ಚಿದ್ದು ಕರಡು ತಿದ್ದುವ ಕೆಲಸ, ಮದುವೆ ಸೀಸನ್ನಿನಲ್ಲಿ ಮಾತ್ರ ಮೊಳೆಯೂ ಮುಟ್ಟಬೇಕಿತ್ತು. ಲಗ್ನಪತ್ರಿಕೆ ಮೇಲೆ ಲಗ್ನಪತ್ರಿಕೆ. ರಾತ್ರಿ ಒಂದಕ್ಕೆ ರೂಮಿಗೆ ಬಂದರೂ ಕಣ್ಣು ಮುಚ್ಚಿದರೆ ‘ಸುಪುತ್ರ’, ‘ಸುಪುತ್ರಿ’ ಅಂತ ಉಲ್ಟಾ ಅಕ್ಷರಗಳೇ ಓಡಾಡುತ್ತಿದ್ದವು. ಕೈತುಂಬ ದುಡ್ಡು ಅಂತ ಸೇರಿದ್ದೆ. ಮಾಲೀಕರು ಮೂರು ತಿಂಗಳು “ಹಬ್ಬಕ್ಕ ಕೂಡೇ ಕೊಡ್ತೇನಿ” ಅಂತ ತಳ್ಳಿದರು. ಅವರ ಹೆಸರು ಬೇಡ. ಆ ವರ್ಷ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಹೋಯಿತು. ಆ ಒಂದು ಪೇಪರ್ ಮತ್ತೆ ಬರೆಯೋಕೆ ಆದ ಖರ್ಚು, ಒಂದು ವರ್ಷ ತಡವಾಗಿ ಎಂ.ಕಾಂ ಸೇರಿದ ಖರ್ಚು, ಇದೆಲ್ಲ ಕೂಡಿಸಿದರೆ ಮುದ್ರಣಾಲಯದ ಸಂಬಳ ಹಣೆಗೆ ಹಚ್ಚೋಕೂ ಸಾಲದು. ಉಲ್ಟಾ ಓದೋದು ಮಾತ್ರ ಚೆನ್ನಾಗಿ ಕಲಿತೆ. ಸೂಪರ್‌ವಿಷನ್ ಮಾಡುವಾಗ ಎದುರಿನ ಹುಡುಗನ ಡೆಸ್ಕಿನ ಮೇಲಿನ ಚೀಟಿ ಓದೋಕೆ ಮೂವತ್ತು ವರ್ಷ ಉಪಯೋಗಕ್ಕೆ ಬಂತು!

ಹಾಗಂತ ಕ್ಯಾಂಪಸ್ ಕೆಲಸ ಅಂದರೆ ಹೂವಿನ ಹಾಸಿಗೆ ಅಂತ ತಿಳಿಯಬೇಡ. ಅದರ ದೋಷ ಏನು ಅಂತ ಒಳಗಿದ್ದು ನೋಡಿದವನು ನಾನು. ದುಡ್ಡು ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಗ್ರಂಥಪಾಲಕರು ಹಾಜರಾತಿ ಬರೆದು ಕೊಡಬೇಕು, ಆಫೀಸಿನಲ್ಲಿ ಬಿಲ್ ಆಗಬೇಕು, ಪ್ರಿನ್ಸಿಪಾಲರ ಸಹಿ ಆಗಬೇಕು, ಸಹಿ ಆಗುವ ದಿನ ಅವರು ಮೀಟಿಂಗಿಗೆ ಹೋಗಿರುತ್ತಾರೆ. ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದರೂ ಆಶ್ಚರ್ಯ ಇಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ಆ ದುಡ್ಡು ಇಲ್ಲವೇ ಇಲ್ಲ ಅಂತ ತಿಳಿದು ಮೆಸ್ಸಿನವರ ಹತ್ತಿರ ಮಾತಾಡಿಕೋ. “ಅಣ್ಣಾ, ಈ ಸಲ ಒಟ್ಟಿಗೇ ಕೊಡ್ತೀನಿ” ಅಂತ ಮೊದಲೇ ಹೇಳಿದವನಿಗೆ ಧಾರವಾಡದ ಖಾನಾವಳಿಯವರು ಇಲ್ಲ ಅಂದಿದ್ದನ್ನು ನಾನು ಕಡಿಮೆ ನೋಡಿದ್ದೇನೆ. ತಿಂಗಳ ಕೊನೆಗೆ ಮುಖ ತಪ್ಪಿಸಿ ಓಡಾಡುವವನಿಗೆ ಮಾತ್ರ ರೊಟ್ಟಿ ಎಣಿಸಿ ಹಾಕುತ್ತಾರೆ.

ಇದಕ್ಕೆ ಒಂದು ಉಪಾಯ ಇದೆ. ಒಂದು 40 ಪುಟದ ನೋಟ್‌ಬುಕ್ ತಗೋ. ದಿನಾಂಕ, ಬಂದ ವೇಳೆ, ಹೋದ ವೇಳೆ, ಮಾಡಿದ ಕೆಲಸ, ಇಷ್ಟು ಬರಿ. ಪ್ರತಿ ಶನಿವಾರ ಗ್ರಂಥಪಾಲಕರ ಸಹಿ ಹಾಕಿಸು, ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೋ. ತಿಂಗಳ ಕೊನೆಗೆ ಆಫೀಸಿನ ಗುಮಾಸ್ತರು “ಎಷ್ಟು ದಿನ ಬಂದಿದ್ದಿ?” ಅಂತ ಕೇಳಿದಾಗ ತಲೆ ಕೆರೆಯುತ್ತ ನಿಲ್ಲುವ ಹುಡುಗನ ಬಿಲ್ ಕೆಳಗೆ ಹೋಗುತ್ತದೆ, ನೋಟ್‌ಬುಕ್ ಚಾಚುವವನ ಬಿಲ್ ಮೇಲೆ ಬರುತ್ತದೆ. ಇಷ್ಟು ವರ್ಷದಲ್ಲಿ ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ಕೆಲಸ ಏನು ಅಂತ ನಿನಗೆ ಅಂದಾಜಿದೆಯಾ? ಹುಡುಗರು ಲೈಬ್ರರಿ ಕೆಲಸ ಅಂದರೆ ಫ್ಯಾನ್ ಕೆಳಗೆ ಕೂತು ಪೇಪರ್ ಓದೋದು ಅಂದುಕೊಂಡಿರುತ್ತಾರೆ. ಮೂರೂವರೆಗೆ ಹೋದರೆ ಟೇಬಲ್ ಮೇಲೆ ಮಧ್ಯಾಹ್ನದವರೆಗೆ ವಾಪಸ್ ಬಂದ ಪುಸ್ತಕದ ರಾಶಿ ಇರುತ್ತದೆ. ಬೆನ್ನಿನ ಮೇಲೆ ಅಂಟಿಸಿದ ನಂಬರ್ ನೋಡಿ ಕಪಾಟಿಗೆ ಹಚ್ಚಬೇಕು. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಾದರೆ 330 ಅರ್ಥಶಾಸ್ತ್ರ, 657 ಅಕೌಂಟಿಂಗ್, 658 ಮ್ಯಾನೇಜ್‌ಮೆಂಟ್, 894.814 ಅಂತ ಉದ್ದಕ್ಕೆ ಬರೆದಿದ್ದರೆ ಕನ್ನಡ ಸಾಹಿತ್ಯ. ಬಿಂದುವಿನ ಆಚೆಯ ಒಂದು ಅಂಕಿ ತಪ್ಪಿ ಇಟ್ಟರೆ ಆ ಪುಸ್ತಕ ಮತ್ತೆ ಸಿಗುವುದು ಬೇಸಿಗೆಯಲ್ಲಿ ಸ್ಟಾಕ್ ವೆರಿಫಿಕೇಷನ್ ಮಾಡುವಾಗಲೇ. ಧೂಳಿಗೆ ಸೀನು ಬರುತ್ತದೆ, ಒಂದು ಕರವಸ್ತ್ರ ಇಟ್ಟುಕೊಂಡು ಹೋಗು.

ಆದರೆ ಅಲ್ಲೇ ಒಂದು ಗುಟ್ಟಿದೆ. ದಿನಾ 657ರ ಕಪಾಟಿನ ಮುಂದೆ ನಿಂತವನಿಗೆ ತನ್ನ ಸಿಲೆಬಸ್ಸಿಗೆ ಯಾವ ಪುಸ್ತಕ ಒಳ್ಳೆಯದು, ಯಾವುದರಲ್ಲಿ ಬಿಡಿಸಿದ ಲೆಕ್ಕ ಜಾಸ್ತಿ ಇವೆ, ಸೀನಿಯರ್‌ಗಳು ಪರೀಕ್ಷೆ ಮುಂದೆ ಯಾವುದಕ್ಕೆ ಮುಗಿಬೀಳುತ್ತಾರೆ, ಎಲ್ಲ ಗೊತ್ತಾಗುತ್ತದೆ. ಹಳೆ ಪ್ರಶ್ನೆಪತ್ರಿಕೆ ಫೈಲ್ ಯಾವ ಬೀರುವಿನಲ್ಲಿದೆ ಅಂತಲೂ. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಹಾವೇರಿ ಕಡೆಯ ಒಬ್ಬ ಹುಡುಗ ಸಂಜೆ ಕಪಾಟಿಗೆ ಹಚ್ಚುವ ಮುಂಚೆ ಪ್ರತಿ ಪುಸ್ತಕದ ಡೇಟ್ ಸ್ಲಿಪ್ ನೋಡುತ್ತಿದ್ದ. ಸೀಲು ಬಿದ್ದೂ ಬಿದ್ದೂ ನೀಲಿಯಾದ ಸ್ಲಿಪ್ ಇರುವ ಪುಸ್ತಕ ಮಾತ್ರ ತಾನು ಮನೆಗೆ ಒಯ್ಯುತ್ತಿದ್ದ. “ಸರ್, ಇಷ್ಟು ಮಂದಿ ಒಯ್ದಾರ ಅಂದ್ರ ಏನರ ಇದ್ದೇ ಇರ್ತದ” ಅಂತಿದ್ದ. ಈಗಿನ ಲೈಬ್ರರಿಗಳಲ್ಲಿ ಕೋಹಾದಂಥ ಸಾಫ್ಟ್‌ವೇರ್ ಬಂದು ಬಾರ್‌ಕೋಡ್ ಹೊಡೆಯುತ್ತಾರೆ, ಆ ಸ್ಲಿಪ್ ಬಹಳ ಕಡೆ ಹೋಗಿದೆ. ಆದರೆ ಆ ಕಂಪ್ಯೂಟರ್ ಕೆಲಸ ಕಲಿತರೆ ಅದೂ ಒಂದು ವಿದ್ಯೆಯೇ.

ಬಟ್ಟೆ ಅಂಗಡಿಯಲ್ಲೂ ಕಲಿಯುವುದಿದೆ, ಇಲ್ಲ ಅನ್ನೋಲ್ಲ. ಗಿರಾಕಿ ಜೊತೆ ಮಾತು, ಜಿಎಸ್‌ಟಿ ಬಿಲ್ಲು, ಸ್ಟಾಕ್ ಎಣಿಕೆ, ಇವೆಲ್ಲ ಕಾಮರ್ಸ್ ಹುಡುಗನಿಗೆ ಬೇಕಾದವೇ. ಆದರೆ ಅದನ್ನು ಕಲಿಯೋಕೆ ಒಂದು ತಿಂಗಳು ಸಾಕು, ಹತ್ತು ತಿಂಗಳು ಬೇಡ. ಕೊನೆಗೆ ಈ ಮಾತಿಗೆ ಮತ್ತೆ ಬರುತ್ತೇನೆ.

ಹಾಜರಿ ಮರೆಯಬೇಡ. ನಿಮ್ಮಲ್ಲಿ 75 ಪರ್ಸೆಂಟ್ ಇಲ್ಲದಿದ್ದರೆ ಹಾಲ್ ಟಿಕೆಟ್ ಸಿಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದವನು ಮೊದಲ ಪೀರಿಯಡ್ ತಪ್ಪಿಸುವುದು ಶುರುವಾಗುವುದು ಎರಡನೇ ವಾರದಲ್ಲಿ. ಆಮೇಲೆ ಸೆಮಿಸ್ಟರ್ ಕೊನೆಗೆ ಅಪ್ಪನನ್ನು ಕರೆದುಕೊಂಡು ಬಾ ಅಂತಾರೆ. ಪಂಚೆ ಉಟ್ಟ ಅಪ್ಪಂದಿರು ಬೆಳಗಿನ ಮೊದಲ ಬಸ್ಸಿಗೆ ಬಂದು ನನ್ನ ಚೇಂಬರ್ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದು ಎಷ್ಟು ಸಲವೋ. ಅವರಿಗೆ ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಆ ಬೆಳಿಗ್ಗೆಗಳು ನನಗೆ ಇನ್ನೂ ನೆನಪಿವೆ.

ಈಗ ಅಪ್ಪನ ಮಾತಿಗೆ ಬರೋಣ. ಅವರು ಅರ್ಧ ಸರಿ, ಅರ್ಧ ತಪ್ಪು. ಕೆಲಸಕ್ಕೆ ಹೋದ ಮಗ ಓದು ಬಿಡುತ್ತಾನೆ ಅನ್ನುವ ಹೆದರಿಕೆ ಸರಿ, ಎಷ್ಟೋ ಜನ ಬಿಟ್ಟಿದ್ದಾರೆ. ಆದರೆ ದುಡಿದು ಓದುವುದು ನಮ್ಮ ಕಡೆ ಹೊಸದೇನಲ್ಲ, ಅವಮಾನವೂ ಅಲ್ಲ. ಧಾರವಾಡದಲ್ಲಿ ಹಿಂದೆ ಬಡ ಹುಡುಗರು ವಾರಾನ್ನದ ಮೇಲೆ ಓದಿದರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಪಕ್ಕದ ಮಹಾರಾಷ್ಟ್ರದ ಸಾತಾರಾ ಕಡೆ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿಯುತ್ತ ಕಲಿಯುವ ಪದ್ಧತಿಯನ್ನೇ ಬೆಳೆಸಿದರು. ರೈತರ ಮಕ್ಕಳು ಹಾಸ್ಟೆಲಿನ ಕೆಲಸ ಮಾಡುತ್ತ, ಹೊಲದಲ್ಲಿ ದುಡಿಯುತ್ತ ಓದಿದರು.

ಇದನ್ನೆಲ್ಲ ಅಪ್ಪನಿಗೆ ಹೇಳೋಕೆ ಹೋಗಬೇಡ, ಭಾಷಣ ಅನ್ನಿಸುತ್ತದೆ. ಫೋನಿನಲ್ಲೂ ಬೇಡ. ಊರಿಗೆ ಹೋದಾಗ ಊಟ ಆದ ಮೇಲೆ ಕಟ್ಟೆ ಮೇಲೆ ಕೂತು ಹೇಳು: “ಯಪ್ಪಾ, ಕಾಲೇಜಿನಾಗ ಲೈಬ್ರರಿ ಕೆಲಸ ಕೊಡ್ತಾರ, ಕ್ಲಾಸ್ ಮುಗದ ಮ್ಯಾಲೆ ಎರಡ ತಾಸು. ಪರೀಕ್ಷಾದಾಗ ಬಿಟ್ಟ ಬಿಡ್ತೇನಿ.” ಕಾಲೇಜಿನಾಗ ಅನ್ನುವ ಮಾತು ಮೊದಲು ಬರಲಿ, ದುಡ್ಡಿನ ಮಾತು ಕೊನೆಗೆ ಬರಲಿ. ಹುಬ್ಬಳ್ಳಿ ಅಂಗಡಿ ಅಂದರೆ ಅವರ ಕಣ್ಣ ಮುಂದೆ ಬರುವುದೇ ಬೇರೆ, ಕಾಲೇಜಿನ ಲೈಬ್ರರಿ ಅಂದರೆ ಬರುವುದೇ ಬೇರೆ. ಮುಂದಿನ ರಿಸಲ್ಟ್ ತೋರಿಸುವವರೆಗೆ ಪೂರ್ತಿ ಒಪ್ಪುವುದಿಲ್ಲ, ಅದನ್ನು ಸಹಿಸಿಕೋ.

ನಿನಗೆ 4 ಸಾವಿರ ಕಮ್ಮಿ, ಲೈಬ್ರರಿಯಿಂದ 2400. ಇನ್ನು 1600. ಇದನ್ನು ಕೆಲಸದಿಂದ ತುಂಬುವ ಮುಂಚೆ ಒಂದು ಕೇಳುತ್ತೇನೆ, ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದೀಯಾ? ಪ್ರಶ್ನೆಯಲ್ಲಿ ನೀನು ಅದರ ಸುದ್ದಿಯೇ ಎತ್ತಿಲ್ಲ. ಹಿಂದುಳಿದ ವರ್ಗದವನಾಗಿದ್ದು, ಸರ್ಕಾರಿ ಹಾಸ್ಟೆಲ್ ಸಿಗದೆ ರೂಮ್ ಮಾಡಿಕೊಂಡವನಾದರೆ ಊಟ-ವಸತಿಗೆ ಅಂತ ಸರ್ಕಾರ ಕೊಡುವ ವಿದ್ಯಾಸಿರಿ ಇದೆ: ತಿಂಗಳಿಗೆ 1500ರಂತೆ ಹತ್ತು ತಿಂಗಳು, ವರ್ಷಕ್ಕೆ 15 ಸಾವಿರ ಕೊಡುತ್ತ ಬಂದಿದ್ದಾರೆ. ಹನ್ನೆರಡು ತಿಂಗಳಿಗೆ ಹಂಚಿದರೆ 1250. ಅಲ್ಲಿಗೆ ನಿನ್ನ ಕೊರತೆ 350ಕ್ಕೆ ಇಳಿಯಿತು! ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಕಾಂ ಹುಡುಗರಿಗೆ ವರ್ಷಕ್ಕೆ 5 ಸಾವಿರ, ಹುಡುಗಿಯರಿಗೆ 5500 ಇಟ್ಟಿದ್ದರು. ಅದಕ್ಕೆ ಅಪ್ಪನ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಇರಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. ಯಾವುದಕ್ಕೆ ನೀನು ಬರುತ್ತೀಯ, ಈ ವರ್ಷ ಆದಾಯ ಮಿತಿ ಎಷ್ಟು, ಕೊನೆಯ ದಿನಾಂಕ ಯಾವುದು, ಎಲ್ಲ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೂತು ನೋಡು. ರೂಮಿನ ಗೆಳೆಯನ ಬಾಯಿಮಾತು ನಂಬಬೇಡ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಊರಿಗೆ ಹೋದಾಗಲೇ ನಾಡಕಚೇರಿಗೆ ಅರ್ಜಿ ಹಾಕಿ ಬಾ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಸರ್ಕಾರದ ದುಡ್ಡು ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ನೀನು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಜೋಡಿಸಿದ್ದೀಯೋ ಅದಕ್ಕೆ ಹೋಗುತ್ತದೆ. ಯಾವುದೋ ಕೆಲಸಕ್ಕೆ ಸೇರಿದಾಗ ಸಂಬಳಕ್ಕೆ ಅಂತ ಹೊಸ ಖಾತೆ ತೆರೆಸುತ್ತಾರೆ, ಫಾರ್ಮಿನಲ್ಲಿ ಆಧಾರ್ ಜೋಡಿಸಲು ಒಪ್ಪಿಗೆ ಅಂತ ಒಂದು ಟಿಕ್ ಇರುತ್ತದೆ, ಹುಡುಗರು ನೋಡದೆ ಹಾಕುತ್ತಾರೆ. ಆಮೇಲೆ ಕೆಲಸ ಬಿಟ್ಟು ಆ ಖಾತೆ ಮರೆತಿರುತ್ತಾರೆ, ಸ್ಕಾಲರ್‌ಶಿಪ್ ಹೋಗಿ ಅಲ್ಲಿ ಕೂತಿರುತ್ತದೆ. “ಸರ್, ನನಗೆ ಬಂದೇ ಇಲ್ಲ” ಅಂತ ಬಂದ ಹುಡುಗರಲ್ಲಿ ಎಷ್ಟೋ ಜನರ ದುಡ್ಡು ಹೀಗೆ ಇನ್ನೊಂದು ಬ್ಯಾಂಕಿನಲ್ಲಿ ಸಿಕ್ಕಿದೆ.

ಉಳಿದ ಅಲ್ಪಸ್ವಲ್ಪಕ್ಕೆ ಬಿಡಿ ಕೆಲಸ ಮಾಡು. ಅಡ್ಮಿಷನ್, ಪರೀಕ್ಷಾ ಫಾರ್ಮ್ ತುಂಬುವ ಸಮಯದಲ್ಲಿ ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್ ಮುಂದೆ ಅರ್ಧ ಕಾಲೇಜು ತಲೆ ಮೇಲೆ ಕೈ ಹೊತ್ತು ಕೂತಿರುತ್ತದೆ, ಸೈಬರ್ ಸೆಂಟರ್‌ನವರಿಗೆ ಆಗ ಕೈ ಸಾಲುವುದಿಲ್ಲ, ಫಾರ್ಮಿಗಿಷ್ಟು ಅಂತ ಕೊಡುತ್ತಾರೆ. ನಿಮ್ಮ ಕಾಲೇಜಿಗೆ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದ್ದರಂತೂ ಸ್ಕ್ಯಾನಿಂಗ್, ಫೈಲಿಂಗ್ ಅಂತ ಕೈಗೆ ಸಿಕ್ಕ ಹುಡುಗರನ್ನೆಲ್ಲ ಹಿಡಿದು ಕೂರಿಸುತ್ತಾರೆ. ದುಡ್ಡು ಕೊಡುತ್ತಾರಾ ಅಂತ ಮೊದಲು ಕೇಳು, ಬರೀ ಉಪ್ಪಿಟ್ಟು ಕೊಟ್ಟು ಕಳಿಸುವವರೂ ಇದ್ದಾರೆ. ಸಪ್ತಾಪುರದಲ್ಲೇ ಇದ್ದೀಯ, ಸುತ್ತ ಕೋಚಿಂಗ್ ಸೆಂಟರ್‌ಗಳು, ಭಾನುವಾರದ ಟೆಸ್ಟ್‌ಗಳಿಗೆ ಸೂಪರ್‌ವೈಸರ್ ಬೇಕಾಗುತ್ತಾರೆ. ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವ ತಾಳ್ಮೆ ಇದ್ದರೆ ಅದೂ ಒಳ್ಳೆಯದೇ, ಎರಡು ಮನೆ ಸಾಕು.

ಮದುವೆಗಳಲ್ಲಿ ಬಡಿಸೋಕೆ ಹೋಗುವ ಹುಡುಗರು ಬಹಳ. ತಪ್ಪೇನಿಲ್ಲ, ಊಟವೂ ಆಗುತ್ತದೆ, ಗೋಧಿ ಹುಗ್ಗಿ ಮೇಲೆ ತುಪ್ಪ ಹಾಕಿಕೊಂಡು ತಿನ್ನಬಹುದು. ಆದರೆ ಕರೆದುಕೊಂಡು ಹೋಗುವವನು ತಲೆಗೆ ಎಷ್ಟು ತಗೊಂಡು ನಿನಗೆ ಎಷ್ಟು ಕೊಡುತ್ತಾನೆ ಅಂತ ಬಸ್ ಹತ್ತುವ ಮುಂಚೆಯೇ ಮಾತಾಡು. ರಾತ್ರಿ ಆರತಕ್ಷತೆ ಬೇಡ, ವಾಪಸ್ ಬರುವಷ್ಟರಲ್ಲಿ ಬೆಳಗಾಗುತ್ತದೆ.

ಡೆಲಿವರಿ ಬಗ್ಗೆ ನೀನು ಕೇಳಿಲ್ಲ, ಆದರೂ ಗೆಳೆಯರು ಮುಂದಿನ ವಾರ ಹೇಳುತ್ತಾರೆ. ಗೆಳೆಯನ ಬೈಕ್ ತಗೊಂಡು ಮಾಡಬೇಡ. ಸ್ವಂತ ಬಳಕೆಗೆ ಅಂತ ವಿಮೆ ಮಾಡಿಸಿದ ಗಾಡಿಯಲ್ಲಿ ಡೆಲಿವರಿ ಮಾಡುವಾಗ ಬಿದ್ದರೆ ವಿಮಾ ಕಂಪನಿಯವರು ತಕರಾರು ತೆಗೆಯಬಹುದು, ಆಗ ಗೆಳೆತನವೂ ಹೋಯಿತು, ಗಾಡಿಯೂ ಹೋಯಿತು. ಧಾರವಾಡದ ಮಳೆಯಲ್ಲಿ ಇಳಿಜಾರು ರಸ್ತೆಗಳು ಹೇಗಿರುತ್ತವೆ ನೀನೇ ನೋಡಿದ್ದೀಯ. ಮಾಡಲೇಬೇಕು ಅಂದರೆ ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿಕೊಂಡೇ ಮಾಡು.

ಇನ್ನು ಮೊಬೈಲಿಗೆ ಬರುವ ಕೆಲಸಗಳು. ಮನೆಯಲ್ಲೇ ಟೈಪಿಂಗ್, ವಿಡಿಯೊಗೆ ಲೈಕ್ ಒತ್ತಿದರೆ ದುಡ್ಡು, ಮೊದಲು 999 ಕಟ್ಟಿ ರಿಜಿಸ್ಟರ್ ಮಾಡಿ, ಎಲ್ಲ ಬೋಗಸ್. ಕೆಲಸ ಕೊಡುವವನು ದುಡ್ಡು ಕೇಳುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಈಗ ಶುರುವಾಗಿರುವ ಇನ್ನೊಂದು: “ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು ಸಾಕು, ತಿಂಗಳಿಗೆ ಇಷ್ಟು ಕೊಡ್ತೀವಿ.” ಎಲ್ಲಿಯೋ ಯಾರನ್ನೋ ಮೋಸ ಮಾಡಿದ ದುಡ್ಡು ನಿನ್ನ ಖಾತೆಗೆ ಬಂದು ಹೋಗುತ್ತದೆ, ಬೇರೆ ರಾಜ್ಯದ ಪೊಲೀಸರು ನಿನ್ನ ಬಾಗಿಲಿಗೆ ಬರುತ್ತಾರೆ, ಖಾತೆ ಫ್ರೀಜ್ ಆಗಿ ಸ್ಕಾಲರ್‌ಶಿಪ್ಪೂ ಒಳಗೇ ಉಳಿಯುತ್ತದೆ. ಈಗಾಗಲೇ ಯಾರಿಗಾದರೂ ದುಡ್ಡು ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ತಡ ಮಾಡಿದಷ್ಟೂ ದುಡ್ಡು ದೂರ ಹೋಗುತ್ತದೆ.

ಲೈಬ್ರರಿಗೆ ಹೂಂ ಅನ್ನುವ ಮುಂಚೆ ಗ್ರಂಥಪಾಲಕರನ್ನು ಮೂರು ಮಾತು ಕೇಳು. ಪರೀಕ್ಷೆ ಮುಂದಿನ ಹದಿನೈದು ದಿನ ಬಿಡುತ್ತಾರಾ? ಇಂಟರ್ನಲ್ ಟೆಸ್ಟ್ ಇರುವ ದಿನ ಬದಲಿ ದಿನ ಮಾಡಿಕೊಳ್ಳಬಹುದಾ? ಬಿಡುವಾಗ ಕಾಲೇಜಿನ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಕೊಡುತ್ತಾರಾ? ದುಡ್ಡಿಗಿಂತ ಇವು ಮುಖ್ಯ. ತಾಸಿಗೆ 60 ಅನ್ನುವುದು ಬಾಯಿಮಾತಾಗಿದ್ದರೆ ಒಂದು ಚೀಟಿಯಲ್ಲಾದರೂ ಬರೆಸಿಕೋ, ಹಳೆಯ ಪ್ರಿನ್ಸಿಪಾಲ್ ಹೋಗಿ ಹೊಸಬರು ಬಂದಾಗ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಹಾಗೆಯೇ, ಅಲ್ಲಿ ಕೆಲಸ ಮಾಡುವ ಎರಡು ತಾಸು ಓದಬೇಡ. ಪುಸ್ತಕ ಹಚ್ಚು, ಐದೂವರೆಗೆ ಸಹಿ ಮಾಡಿ, ಆಮೇಲೆ ಅದೇ ಟೇಬಲ್ ಮೇಲೆ ನಿನ್ನ ಕಾಸ್ಟ್ ಅಕೌಂಟಿಂಗ್ ತೆಗಿ. ರೂಮಿಗೆ ಹೋದರೆ ಗೆಳೆಯರು ಕ್ರಿಕೆಟ್ ಹಚ್ಚಿರುತ್ತಾರೆ.

ಅಂಗಡಿಯವರನ್ನು ಕಾಯಿಸಬೇಡ, ಇವತ್ತೇ ಫೋನ್ ಮಾಡಿ ಬರೋಕಾಗಲ್ಲ ಅಂತ ಹೇಳಿಬಿಡು. ಜೊತೆಗೆ ಇದನ್ನೂ ಹೇಳಿಡು: “ದೀಪಾವಳಿ ಮುಂದ ಗಿರಾಕಿ ಜಾಸ್ತಿ ಇರ್ತಾವಲ್ರೀ, ಕಾಲೇಜ್ ಸೂಟಿ ಇದ್ದಾಗ ಹತ್ತು ದಿನ ಪೂರ್ತಿ ಬರ್ತೇನಿ, ಕರೀರಿ.” ಹಬ್ಬದ ಸಮಯದಲ್ಲಿ ಅವರಿಗೆ ಕೈ ಬೇಕೇ ಬೇಕು. ದಿನಗೂಲಿ ಎಷ್ಟು ಅಂತ ಮಾತ್ರ ಮೊದಲೇ ಕೇಳಿಕೋ.